ಬುತ್ತಿ ಕಟ್ಟಿ ಹೊರಟರೆ

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್, ಚಿತ್ರಾವತಿ ಎಂದು ಮೂರು ರಾಜ್ಯಗಳ ಭೂಪಟದಲ್ಲಿ ಹೆಸರು ಬರೆಸಿಕೊಂಡಿರುವ ನದಿಗಳು ನಂದಿಯ ಬೆಟ್ಟಸಾಲಿನಲ್ಲಿಯೂ ಅದರ ಆಸುಪಾಸಿನಲ್ಲಿಯೂ ಜನ್ಮ ತಾಳುತ್ತವೆಯಾದರೂ, ಅವುಗಳಿಗೆ ತವರಾದ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯೊಂದೂ ಇಲ್ಲ. ಮಳೆಗಾಲದಲ್ಲಿ ಕೋಡಿ ಬಿದ್ದು ಕೆರೆಯಿಂದ ಕೆರೆಗೆ ಸಾಗುವ ನೀರನ್ನು ಹಿಡಿದಿಟ್ಟುಕೊಂಡು, ಅದು ತೀರಿದಾಗ ತೆರೆದ ಬಾವಿಯನ್ನೂ, ಬಾವಿಯೂ ಬತ್ತಿದಾಗ ಪಾತಾಳಕ್ಕಿಳಿದ ಕೊಳವೆಬಾವಿಯನ್ನೂ ನಂಬಿ ಬಾಳಿದ ಈ ಬಯಲುಸೀಮೆಯ ಜನಕ್ಕೆ, ಇದ್ದುದನ್ನು ಎಣಿಸಿ ಬಳಸುವ ವಿದ್ಯೆಯನ್ನು ಹೊರಗಿನವರು ಬಂದು ಉಪದೇಶಿಸಬೇಕಾದ ಪ್ರಮೇಯವೇ ಒದಗಲಿಲ್ಲ. ಒಂದು ಬಿಂದಿಗೆ ನೀರಿನಲ್ಲಿ ಮೊದಲು ಅಕ್ಕಿ ತೊಳೆದು, ಆ ಅಕ್ಕಚ್ಚನ್ನು ಹಸುವಿನ ಬಾನಿಗೆ ಸುರಿದು, ಪಾತ್ರೆ ಬೆಳಗಿದ ನೀರನ್ನು ಹಿತ್ತಲಿನ ಬಾಳೆಯ ಬುಡಕ್ಕೆ ತಿರುಗಿಸುವ ಗೃಹಿಣಿಯು ಅದನ್ನು ಉಳಿತಾಯವೆಂದು ಕರೆಯುವುದೂ ಇಲ್ಲ. ಕೇಳಿದರೆ, ‘ಇನ್ನೇನು, ಚೆಲ್ಲೋದಾ?’ ಎಂದು ನಗುತ್ತಾಳೆ.

ಇಂತಹ ಸೀಮೆಗೆ ಪ್ರತಿ ಶನಿವಾರದ ಇರುಳು ಕಳೆಯುವ ಮೊದಲೇ ಬೆಂಗಳೂರಿನಿಂದ ಕಾರುಗಳ ಸಾಲು ಹೊರಡುತ್ತದೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಸೂರ್ಯೋದಯವನ್ನು ಕಾಣಬೇಕೆಂಬ ಹಂಬಲವು ಶ್ಲಾಘ್ಯವೇ ಸರಿ. ಆದರೆ ಸೂರ್ಯನು ಉದಯಿಸುವ ಹೊತ್ತಿಗೆ ಆ ಯಾತ್ರಿಕರಲ್ಲಿ ಬಹುಮಂದಿ ತಪ್ಪಲಿನ ತಿರುವುಗಳಲ್ಲಿ ಒಬ್ಬರ ಹಿಂದೊಬ್ಬರು ಎಂಜಿನ್ ಉರಿಸುತ್ತ ನಿಂತಿರುತ್ತಾರೆ. ಹೋಗಿಬರುವ ನೂರಿಪ್ಪತ್ತು ಕಿಲೋಮೀಟರುಗಳಿಗೆ ಎಂಟು ಲೀಟರ್ ಪೆಟ್ರೋಲ್ ಎಂದು ಹಿಡಿದರೂ ಎಂಟುನೂರು ರೂಪಾಯಿಗೆ ಕಡಮೆಯಿಲ್ಲ. ಅದರ ಮೇಲೆ ವಾಹನ ನಿಲುಗಡೆಯ ಶುಲ್ಕ, ಹೆದ್ದಾರಿಯ ಸುಂಕ, ದಾರಿಯ ಬದಿಯ ಉಪಾಹಾರಗೃಹದಲ್ಲಿ ನಾಲ್ವರ ತಿಂಡಿ, ಮಕ್ಕಳು ಹಟ ಹಿಡಿದುದಕ್ಕೆ ಕೊಂಡ ಏನೋ ಒಂದು ಪ್ಲಾಸ್ಟಿಕ್ಕಿನ ಆಟಿಕೆ. ಕಂಡುದು ಮಂಜು, ತೆತ್ತುದು ಎರಡು ಸಾವಿರ. ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಯಾವ ಊರಿಗೆ, ಯಾವ ಮಾಸದಲ್ಲಿ, ಯಾವ ಹೊತ್ತಿಗೆ, ಏನನ್ನು ಕೈಯಲ್ಲಿ ಹಿಡಿದು ಹೋಗಬೇಕೆಂಬುದನ್ನು ಬಲ್ಲವನಿಗೆ ವೆಚ್ಚವು ತಾನಾಗಿಯೇ ಇಳಿಯುತ್ತದೆ, ಅರಿಯದವನು ತನ್ನ ಅಪರಿಚಯಕ್ಕೆ ಕಂದಾಯ ಕಟ್ಟುತ್ತ ಹೋಗುತ್ತಾನೆ.

ಈ ಪರಿಚಯಕ್ಕೆ ಮೊದಲ ಪಾಠವೆಂದರೆ ರೈಲು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ಮೂರು ಪಟ್ಟಣಗಳೂ ಒಂದೇ ಹಳಿಯ ಮೇಲೆ ಪೋಣಿಸಿದಂತಿವೆ. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಎರಡೂವರೆ ಅಡಿ ಅಗಲದ ಕಿರು ಹಳಿಯಾಗಿ ಹುಟ್ಟಿದ ಈ ಮಾರ್ಗವು, ಬಹುಕಾಲ ತರಕಾರಿಯ ಮೂಟೆಗಳನ್ನೂ ಕೋರ್ಟಿನ ಕಕ್ಷಿಗಾರರನ್ನೂ ಹೊತ್ತು ತೆವಳಿ, ಕಡೆಗೆ ಅಗಲ ಹಳಿಗೆ ಬಡ್ತಿ ಪಡೆಯಿತು; ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗ ಹೀಗೆ ಪರಿವರ್ತನೆಗೊಂಡು ತೆರೆದದ್ದು 2013ರಲ್ಲಿ. ಯಲಹಂಕವನ್ನು ಬಿಟ್ಟರೆ ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್ ಎಂದು ಒಂದೊಂದಾಗಿ ಬರುವ ನಿಲ್ದಾಣಗಳಲ್ಲಿ ಕೆಲವಕ್ಕೆ ಇನ್ನೂ ಆ ಹಳೆಯ ಕಾಲದ ಕಲ್ಲುಗೋಡೆ, ಇಳಿಜಾರು ಮಾಡುಗಳ ಚೆಲುವು ಅಂಟಿಕೊಂಡಿದೆ. 2023ರ ಡಿಸೆಂಬರಿನಿಂದ ವಿದ್ಯುತ್ತಿನ ಮೆಮು ಗಾಡಿಯೂ ಚಿಕ್ಕಬಳ್ಳಾಪುರದವರೆಗೆ ಬರತೊಡಗಿತು. ಸಾಮಾನ್ಯ ಪ್ಯಾಸೆಂಜರ್ ಗಾಡಿಗಳ ಕನಿಷ್ಠ ದರವು ಮಹಾಮಾರಿಯ ಕಾಲದಲ್ಲಿ ಮೂವತ್ತು ರೂಪಾಯಿಗೆ ಏರಿದ್ದುದು 2024ರಲ್ಲಿ ಪುನಃ ಹತ್ತಕ್ಕೆ ಇಳಿಯಿತು. ರಾಜಧಾನಿಯಿಂದ ನಂದಿಯವರೆಗೆ ತೆರಬೇಕಾದ ಹಣವು ಒಳ್ಳೆಯ ಹೋಟೆಲಿನ ಒಂದು ಲೋಟ ಕಾಫಿಯ ಬೆಲೆಯ ಆಸುಪಾಸಿನಲ್ಲಿಯೇ ಇರುತ್ತದೆ.

ನಂದಿ ಹಾಲ್ಟಿನಲ್ಲಿ ಇಳಿದವನು ಬೆಟ್ಟವನ್ನು ಒಂದು ಗಳಿಗೆ ಮರೆತು, ದ್ರಾಕ್ಷಿಯ ಚಪ್ಪರಗಳ ನಡುವೆ ಒಂದೂವರೆ ಕಿಲೋಮೀಟರ್ ನಡೆದು ಗ್ರಾಮದ ಭೋಗನಂದೀಶ್ವರನ ಗುಡಿಗೆ ಹೋಗಲಿ ಎಂಬುದು ನನ್ನ ಸಲಹೆ. ಒಂಬತ್ತನೆಯ ಶತಮಾನದಷ್ಟು ಹಳೆಯದಾದ ಈ ದೇವಾಲಯದಲ್ಲಿ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರರ ಅವಳಿ ಗುಡಿಗಳು ಅಕ್ಕಪಕ್ಕದಲ್ಲಿ ನಿಂತು, ಅವೆರಡರ ಮಧ್ಯೆ ಉಮಾಮಹೇಶ್ವರನ ಪುಟ್ಟ ಗುಡಿಯು ಸೇರಿಕೊಂಡಿದೆ. ಬಾಣರು, ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಎಂದು ಬಂದ ಬಂದ ಅರಸರೆಲ್ಲರೂ ತಮ್ಮದೊಂದು ಕಂಬವನ್ನೋ ಮಂಟಪವನ್ನೋ ಕೂಡಿಸಿದ ಕಾರಣ, ಇಲ್ಲಿ ಒಂದು ಮುಂಜಾವನ್ನು ಕಳೆಯುವುದೆಂದರೆ ದಕ್ಷಿಣ ದೇಶದ ಶಿಲ್ಪದ ಚರಿತ್ರೆಯನ್ನು ಶುಲ್ಕವಿಲ್ಲದ ಪಾಠಶಾಲೆಯಲ್ಲಿ ಓದಿಕೊಂಡಂತೆ. ಕಲ್ಯಾಣಮಂಟಪದ ಕರಿಯ ಕಲ್ಲಿನ ಕಂಬಗಳ ಮೇಲಿನ ಬಳ್ಳಿಯನ್ನೂ, ಆ ಬಳ್ಳಿಯ ಮೇಲೆ ಕುಳಿತ ಗಿಳಿಯನ್ನೂ ಬೆರಳಿನಿಂದ ಮುಟ್ಟದೆ ಕಣ್ಣಿನಿಂದ ಹಿಂಬಾಲಿಸುತ್ತ ಹೋದರೆ, ಕಲ್ಲುಕುಟಿಗನು ಗಿಳಿಯ ಕೊಕ್ಕಿನ ಬಾಗನ್ನು ಎಷ್ಟು ಸಾವಧಾನದಿಂದ ಬಿಡಿಸಿದನೆಂಬುದು ಅರಿವಾಗುತ್ತದೆ. ಒಳಗೆ ಶೃಂಗಿತೀರ್ಥವೆಂಬ ಕಲ್ಯಾಣಿ. ಸುತ್ತಲೂ ಮೆಟ್ಟಿಲು, ಮೆಟ್ಟಿಲ ಮೇಲೆ ಸುತ್ತುಮಂಟಪದ ನೆರಳು. ಕೆಳಗೆ ಬಾಲ್ಯದ ಅರುಣಾಚಲ, ಯೌವನದ ಭೋಗನಂದಿ. ಬೆಟ್ಟದ ನೆತ್ತಿಯ ಮೇಲೆ ವೈರಾಗ್ಯದ ಯೋಗನಂದಿ ಎಂದು ಹಿರಿಯರು ಮಾಡಿಟ್ಟ ವಿಂಗಡಣೆಯನ್ನು ನೆನೆದಾಗ, ಉತ್ಸವಗಳೆಲ್ಲ ಕೆಳಗೂ ಮೌನವು ಮೇಲೂ ಇರಬೇಕಾಗಿದ್ದುದು ಇಂದು ತಿರುಗುಮುರುಗಾಗಿದೆಯಲ್ಲಾ ಎಂದು ನಗೆ ಬರುತ್ತದೆ.

ಬೆಟ್ಟವನ್ನು ಹತ್ತುವವರಿಗೂ ನನ್ನ ಆಕ್ಷೇಪಣೆಯಿಲ್ಲ. ವಾರದ ನಡುವೆ ಹತ್ತಿರಿ, ಬಸ್ಸಿನಲ್ಲಿ ಹತ್ತಿರಿ ಎಂದಷ್ಟೇ ಬಿನ್ನಹ. 1927ರ ಬೇಸಗೆಯಲ್ಲಿ ದೇಹಾಲಸ್ಯದಿಂದ ಬಳಲಿದ್ದ ಗಾಂಧೀಜಿಯವರು ವಿಶ್ರಾಂತಿಗೆಂದು ಈ ಗಿರಿಗೆ ಬಂದು ತಿಂಗಳಿಗೂ ಮೀರಿ ತಂಗಿದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. ಅವರಿಗೆ ಇಲ್ಲಿ ಬೇಕಾಗಿದ್ದುದು ತಂಪು ಗಾಳಿ ಮತ್ತು ನಿಶ್ಶಬ್ದ. ಎರಡಕ್ಕೂ ಬೆಲೆ ನಿಗದಿಯಾಗಿರಲಿಲ್ಲ, ಈಗಲೂ ಬುಧವಾರದ ದಿವಸ ಆಗಿಲ್ಲ. ಸ್ಥಳೀಯರಿಗಾದರೋ ನಂದಿಯನ್ನು ಕಾಣುವುದಕ್ಕೆ ಬೇರೆಯೇ ಒಂದು ಕ್ರಮವುಂಟು. ಆಷಾಢದ ಕಡೆಯ ಸೋಮವಾರ ಹಳ್ಳಿ ಹಳ್ಳಿಗಳಿಂದ ಜನರು ಹೊರಟು ಬೆಟ್ಟವನ್ನು ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುತ್ತಾರೆ; ಹಾದಿಯುದ್ದಕ್ಕೂ ಯಾರೋ ಮಜ್ಜಿಗೆ ಕೊಡುತ್ತಾರೆ, ಯಾರೋ ಹೆಸರುಬೇಳೆ ಕೋಸಂಬರಿ ಹಂಚುತ್ತಾರೆ. ಶಿವರಾತ್ರಿಯ ಸಮಯಕ್ಕೆ ತೇರು, ದನಗಳ ಜಾತ್ರೆ. ಇಡೀ ಸಂಸಾರವು ಒಂದು ಹಗಲನ್ನು ಹೊರಗೆ ಕಳೆದು, ನೆಂಟರನ್ನು ಕಂಡು, ಮಗುವಿಗೆ ಪೀಪಿಯನ್ನೂ ಮನೆಗೆ ಕಡಲೆಪುರಿಯನ್ನೂ ಕೊಂಡು ಮರಳುವುದಕ್ಕೆ ನಮ್ಮ ಪೂರ್ವಿಕರು ಕಟ್ಟಿದ ವ್ಯವಸ್ಥೆಯೇ ಜಾತ್ರೆ. ಇದನ್ನು ಮೀರಿಸುವ ಅಗ್ಗದ ವಿಹಾರವನ್ನು ಯಾವ ಪ್ರವಾಸಸಂಸ್ಥೆಯೂ ಈವರೆಗೆ ಕಲ್ಪಿಸಿದಂತೆ ಕಾಣೆ.

ಚಿಕ್ಕಬಳ್ಳಾಪುರದಿಂದ ಏಳೆಂಟು ಕಿಲೋಮೀಟರ್ ದೂರದ ಮುದ್ದೇನಹಳ್ಳಿಯನ್ನು ಹೆಸರಿಸದೆ ಹೋದರೆ ಈ ಲೇಖನಕ್ಕೆ ಅರ್ಥವಿರದು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯು ಅಲ್ಲಿ ಈಗ ಸ್ಮಾರಕವಾಗಿದೆ. 1962ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿಯೇ. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತು, ಬೆಂಗಳೂರಿನಲ್ಲಿ ಇತರರ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಕಾಲೇಜಿನ ವಿದ್ಯಾಭ್ಯಾಸವನ್ನು ಪೂರೈಸಿದ ಈ ಮಹನೀಯರು, ಮುಂದೆ ದಿವಾನರಾಗಿದ್ದಾಗ ಅಣೆಕಟ್ಟನ್ನು ಕಟ್ಟಿಸಿದಷ್ಟೇ ಆಸ್ಥೆಯಿಂದ 1913ರಲ್ಲಿ ಮೈಸೂರು ಬ್ಯಾಂಕಿನ ಸ್ಥಾಪನೆಗೂ ಕಾರಣರಾದರು. ಹರಿದು ಹೋಗುವ ನೀರಿಗೆ ಕಟ್ಟೆ, ಚದರಿಹೋಗುವ ಹಣಕ್ಕೆ ಬ್ಯಾಂಕು. ಹೊಳೆಯಿಲ್ಲದ ಊರಿನಲ್ಲಿ ಹುಟ್ಟಿದವರ ಬುದ್ಧಿಗೆ ಇವೆರಡೂ ಒಟ್ಟಿಗೆ ಹೊಳೆದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಐಕ್ಯವಾಯಿತು; ಆದರೂ ಹಳ್ಳಿಯ ಹಿರಿಯರು ತಮ್ಮ ಪಾಸ್‌ಬುಕ್ಕನ್ನು ಇಂದಿಗೂ ‘ಮೈಸೂರು ಬ್ಯಾಂಕಿನ ಪುಸ್ತಕ’ ಎನ್ನುವುದುಂಟು.

ಗೌರಿಬಿದನೂರು ಬೇರೊಂದು ಹಳಿಯ ಮೇಲಿದೆ. ಯಲಹಂಕದಲ್ಲಿ ಕವಲೊಡೆದು ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿಗಳ ಮೂಲಕ ಹಿಂದೂಪುರಕ್ಕೆ ಹೋಗುವ ಆ ಮಾರ್ಗದ ಗಾಡಿ 1935ರಲ್ಲಿಯೂ ಓಡುತ್ತಿತ್ತು. ಓಡುತ್ತಿದ್ದರೂ ಅದನ್ನು ಹತ್ತಲಾರದ ಒಬ್ಬ ಹುಡುಗನಿದ್ದನು. ತಾಲ್ಲೂಕಿನ ಹೊಸೂರೆಂಬ ಹಳ್ಳಿಯಲ್ಲಿ 1920ರ ಜೂನ್ 6ರಂದು ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರಿಗೆ, ಊರಿನಲ್ಲಿ ಹೈಸ್ಕೂಲು ಇಲ್ಲದ ಕಾರಣ ಓದು ನಿಂತುಹೋಗಿ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ವರ್ಗವಾಗಿದ್ದ ಅವರ ಉಪಾಧ್ಯಾಯರಿಂದ ಬಾ ಎಂಬ ಕರೆ ಬಂದಾಗ, ರೈಲಿನ ಚಾರ್ಜಿಗೆ ಹಣವಿರಲಿಲ್ಲ. ಆದಕಾರಣ ಅವರು ಎಂಬತ್ತು ಕಿಲೋಮೀಟರಿಗೂ ಮೀರಿದ ಹಾದಿಯನ್ನು ಎರಡು ದಿನ ನಡೆದು ಬಸವನಗುಡಿಯನ್ನು ಸೇರಿದರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಪದ್ಮಭೂಷಣರೂ ಆದ ಮೇಲೆ ಕೂಡ ಅವರ ವಾಸವು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆ, ಉಡುಪು ಖಾದಿ ಜುಬ್ಬ, ಪಂಚೆ, ಟೋಪಿ. ಅವರ ಸರಳತೆಯನ್ನು ಹೊಗಳುವವರು ಬಹುಮಂದಿ. ಆ ಸರಳತೆಯಿಂದ ಮಿಕ್ಕಿದ ಶಕ್ತಿಯು ಎಲ್ಲಿಗೆ ಹೋಯಿತೆಂಬುದನ್ನು ಗಮನಿಸುವವರು ಕಡಮೆ. ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜುಗಳು ಎದ್ದುವು. ತಮ್ಮಂತೆ ಓದಿಗಾಗಿ ರಾಜಧಾನಿಗೆ ನಡೆಯಬೇಕಾದ ದುರವಸ್ಥೆಯು ಆ ಸೀಮೆಯ ಮಕ್ಕಳಿಗೆ ತಪ್ಪಿತು. ತನ್ನ ಮೇಲೆ ಮಾಡದೆ ಉಳಿಸಿದ ವೆಚ್ಚವನ್ನು ಪರರ ಮೇಲೆ ಮಾಡುವವನನ್ನು ಲೋಭಿಯೆನ್ನಲು ಯಾರಿಂದ ಸಾಧ್ಯ?

ಅದೇ ಹಳಿಯಲ್ಲಿ ಗೌರಿಬಿದನೂರು ದಾಟಿದೊಡನೆ ವಿದುರಾಶ್ವತ್ಥವೆಂಬ ಪುಟ್ಟ ನಿಲ್ದಾಣ. ಉತ್ತರ ಪಿನಾಕಿನಿಯ ದಡದಲ್ಲಿ, ವಿದುರನು ನೆಟ್ಟನೆಂದು ಪ್ರತೀತಿಯಿದ್ದ ಮಹಾ ಅಶ್ವತ್ಥವೃಕ್ಷವು 2001ರಲ್ಲಿ ಉರುಳಿತು. ಅದರ ಸುತ್ತಲಿನ ಅಸಂಖ್ಯಾತ ನಾಗರಕಲ್ಲುಗಳು ಈಗಲೂ ಇವೆ. 1938ರ ಏಪ್ರಿಲ್ 25ರಂದು ಜಾತ್ರೆಯ ನೆರವಿಯ ನಡುವೆ ಧ್ವಜಸತ್ಯಾಗ್ರಹಕ್ಕೆ ಸೇರಿದ್ದ ಜನಸ್ತೋಮದ ಮೇಲೆ ಪೋಲೀಸರು ಗುಂಡು ಹಾರಿಸಿದರು, ಅನೇಕರು ಸತ್ತರು. ಆ ರಕ್ತಪಾತದ ತರುವಾಯವೇ ದಿವಾನ ಮಿರ್ಜಾ ಅವರಿಗೂ ಕಾಂಗ್ರೆಸ್ಸಿನ ಪಟೇಲರಿಗೂ ನಡುವೆ ಮಿರ್ಜಾ–ಪಟೇಲ್ ಒಪ್ಪಂದವಾಗಿ, ಮೈಸೂರು ಸಂಸ್ಥಾನದ ಧ್ವಜದ ಜೊತೆಯಲ್ಲಿ ತ್ರಿವರ್ಣಧ್ವಜವನ್ನು ಹಾರಿಸಲು ಅನುಮತಿ ದೊರೆಯಿತು. ಸ್ಮಾರಕದ ಬಳಿಯ ವೀರಸೌಧದಲ್ಲಿ ಸ್ವಾತಂತ್ರ್ಯ ಚಳುವಳಿಯ ಚಿತ್ರಗಳನ್ನು ಗೋಡೆಯುದ್ದಕ್ಕೂ ಜೋಡಿಸಿದ್ದಾರೆ. ಮಕ್ಕಳನ್ನು ಕರೆದೊಯ್ಯಿರಿ, ಒಂದು ಹಗಲು ಸಾಕು, ಒಂದು ವರ್ಷದ ಪಠ್ಯಪುಸ್ತಕಕ್ಕಿಂತ ಹೆಚ್ಚನ್ನು ಅದು ಕಲಿಸುತ್ತದೆ. ಈ ತಾಲ್ಲೂಕಿನ ಹೊಲಗಳ ನಡುವೆ 1976ರಲ್ಲಿ ರೂಪುಗೊಂಡ ಖಗೋಲ ವೀಕ್ಷಣಾಲಯವೊಂದಿದೆ. ಅದು ವಿಹಾರಸ್ಥಳವಲ್ಲವಾದ್ದರಿಂದ ಅದರ ಮಾತು ಪ್ರಾಸಂಗಿಕವಷ್ಟೆ. ಕೋಟಿಗಟ್ಟಲೆ ಬೆಲೆಯ ಬೋಗುಣಿಗಳಿಗೆ ಬದಲಾಗಿ ಕಂಬ ನೆಟ್ಟು, ತಂತಿ ಬಿಗಿದು, ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಒಂದು ಕಿಲೋಮೀಟರಿಗೂ ಉದ್ದವಾಗಿ ಹರಡಿ, ನಮ್ಮ ವಿಜ್ಞಾನಿಗಳು ಅಲ್ಲಿಂದ ಆಕಾಶದ ರೇಡಿಯೋ ನಕ್ಷೆಯನ್ನೇ ರಚಿಸಿದರು. ನರಸಿಂಹಯ್ಯನವರ ತಾಲ್ಲೂಕಿಗೆ ತಕ್ಕ ವಿಜ್ಞಾನ!

ಉಳಿತಾಯವೆಂಬುದು ಬುದ್ಧಿಗೆ ತೋರುವ ತತ್ತ್ವವಾಗಿರದೆ ಕೈಯ ಕಸಬಾಗಿರುವುದನ್ನು ನೋಡಬೇಕಾದರೆ ಶಿಡ್ಲಘಟ್ಟಕ್ಕೆ ಹೋಗಬೇಕು. ರಾಮನಗರದೊಡನೆ ನಾಡಿನ ಅತಿದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳ ಸಾಲಿನಲ್ಲಿ ನಿಲ್ಲುವ ಇಲ್ಲಿನ ಸರ್ಕಾರಿ ಮಾರುಕಟ್ಟೆಯಲ್ಲಿ, ಬೆಳಗಿನ ಹೊತ್ತು ರೈತರು ಮೂಟೆ ಬಿಚ್ಚಿ ಗೂಡುಗಳನ್ನು ಹರಡಿದರೆಂದರೆ, ಬಿಳಿಯದೂ ಹೊಂಬಣ್ಣದ್ದೂ ಆದ ಆ ರಾಶಿಗಳ ನಡುವೆ ರೀಲರುಗಳು ಓಡಾಡುತ್ತ, ಒಂದು ಹಿಡಿಯನ್ನೆತ್ತಿ ಕಿವಿಯ ಬಳಿ ಅಲುಗಿಸಿ, ಹೆಬ್ಬೆರಳಿನಿಂದ ಒತ್ತಿ, ಮುಖದಲ್ಲಿ ಯಾವ ಭಾವವನ್ನೂ ತೋರಗೊಡದೆ ಮುಂದಿನ ರಾಶಿಗೆ ಸಾಗುವುದನ್ನು ಕಾಣಬಹುದು. ಕೂಗಿ ಹರಾಜು ಹಾಕುವ ಕಾಲ ಹೋಗಿ ಈಗ ಬೆಲೆಯು ಮೊಬೈಲಿನಲ್ಲಿ ನಿಶ್ಚಯವಾಗುತ್ತದೆ. ಬೆರಳಿನ ಪರೀಕ್ಷೆ ಮಾತ್ರ ಬದಲಾಗಿಲ್ಲ. ಇದು ಜೀವನೋಪಾಯದ ಸ್ಥಳ, ಪ್ರದರ್ಶನವಲ್ಲ. ನೋಡಬಂದವನು ಬದಿಗೆ ನಿಂತು, ಕೇಳಿಯೇ ಚಿತ್ರ ತೆಗೆಯಬೇಕು.

ಹಳ್ಳಿಗಳಲ್ಲಿ ಹುಳುವಿನ ಮನೆಯೊಳಗೆ ಹೊಕ್ಕರಂತೂ ವ್ಯರ್ಥವೆಂಬ ಪದಾರ್ಥವೇ ಕಣ್ಣಿಗೆ ಬೀಳದು. ಇಪ್ಪತ್ತೈದು ಇಪ್ಪತ್ತೆಂಟು ದಿನಗಳಲ್ಲಿ ನಾಲ್ಕು ಸಲ ಜ್ವರಕ್ಕೆ ಹೋಗಿ, ಅಂದರೆ ಪೊರೆ ಕಳಚಿ, ಹಣ್ಣಾದ ಹುಳುವನ್ನು ರೈತನು ಚಂದ್ರಿಕೆಯ ಮೇಲೆ ಬಿಡುತ್ತಾನೆ. ಬಿದಿರಿನ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ಹೆಣೆದ ಆ ಚಂದ್ರಿಕೆಯಲ್ಲಿ ಹುಳುವು ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತ ಸಾವಿರ ಮೀಟರಿನಷ್ಟು ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆಯ ಎಲೆ ಹಸುವಿಗೆ, ಕಡ್ಡಿ ಒಲೆಗೆ, ಹಿಕ್ಕೆ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಮರಳಿ ಹಿಪ್ಪುನೇರಳೆಗೆ. ನೂಲು ಬಿಚ್ಚಿದ ಮೇಲೆ ಉಳಿದ ಕೋಶದಿಂದ ಎಣ್ಣೆ ಮತ್ತು ಕೋಳಿಯ ಮೇವು. ತುಂಡಾದ ಎಳೆ ಕೂಡ ಬೇರೆ ಬಗೆಯ ನೂಲಾಗಿ ಮಾರಾಟವಾಗುತ್ತದೆ. ಹಸುವು ಕೊಟ್ಟ ಹಾಲು ಬೆಳಗೂ ಬೈಗೂ ಡೈರಿಗೆ ಹೋಗಿ, ಅದರ ಬಟವಾಡೆಯೇ ಮನೆಯ ಉಪ್ಪು ಮೆಣಸಿನಕಾಯಿಗೆ ಆಧಾರ. ಗೂಡಿನ ಹಣ ಬಂದಾಗ ಸಾಲ ತೀರಿಸುವುದು, ಹಾಲಿನ ಹಣದಲ್ಲಿ ಸಂಸಾರ ನಡೆಸುವುದು: ಈ ಎರಡು ತಿಜೋರಿಗಳನ್ನು ಬೆರಸದಿರುವುದೇ ಇಲ್ಲಿನ ಹೆಂಗಸರ ಅರ್ಥಶಾಸ್ತ್ರ.

ಹೆಂಗಸರ ಮಾತು ಬಂದುದರಿಂದ ಹೇಳುತ್ತೇನೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ, ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಖಜಾನೆಯ ಲೆಕ್ಕವನ್ನು ವಾದಿಸುವವರು ವಾದಿಸಲಿ. ಮದುವೆ, ಸಾವು, ಆಸ್ಪತ್ರೆ ಈ ಮೂರಕ್ಕಲ್ಲದೆ ಊರ ಗಡಿ ದಾಟಲು ಕಾರಣವಿಲ್ಲದಿದ್ದ ಹಳ್ಳಿಯ ಅಜ್ಜಿಯು, ಇಂದು ಶೂನ್ಯದ ಟಿಕೇಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮೂವರು ಒಡನಾಡಿಯರೊಂದಿಗೆ ಚಿಂತಾಮಣಿಯಲ್ಲಿಳಿದು ಕೈವಾರಕ್ಕೋ ಮುರುಗಮಲ್ಲಕ್ಕೋ ಹೋಗುವುದನ್ನು ನೋಡಿದಾಗ, ವಿಹಾರವೆಂಬುದು ಸಿರಿವಂತರ ಸೊತ್ತೆಂಬ ಭಾವನೆ ಸಡಿಲುತ್ತದೆ. ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನರ ದರ್ಗಾಕ್ಕೆ ಹರಕೆ ಹೊತ್ತು ಎಲ್ಲ ಮತದವರೂ ಬರುತ್ತಾರೆ. ಅಲ್ಲಿಯೇ ಮುಕ್ತೀಶ್ವರನ ಗುಡಿ. ಕೈವಾರದಲ್ಲಿ ಬಳೆ ಮಾರುತ್ತ ಊರೂರು ಅಲೆದು, 1726ರಿಂದ 1836ರವರೆಗೆ ನೂರಹತ್ತು ವರ್ಷ ಬಾಳಿದರೆಂದು ಭಕ್ತರು ನಂಬುವ ಯೋಗಿ ನಾರೇಯಣರ ಮಠ. ಕನ್ನಡ ತೆಲುಗುಗಳೆರಡರಲ್ಲಿಯೂ ಹಾಡಿದ, ಜನರು ತಾತಯ್ಯನೆಂದು ಕರೆಯುವ ಆ ಯೋಗಿಯ ಸನ್ನಿಧಿಯಲ್ಲಿ ಗುರುಪೂರ್ಣಿಮೆಯ ಸಮಯಕ್ಕೆ ಮೂರು ದಿನಗಳು, ಹಗಲಿರುಳೆನ್ನದೆ, ಸಂಗೀತೋತ್ಸವ ನಡೆಯುತ್ತದೆ. ರಾಜಧಾನಿಯ ಸಭಾಂಗಣದಲ್ಲಿ ಚೀಟಿ ಕೊಂಡು ಕೇಳಬೇಕಾದ ವಿದ್ವಾಂಸರನ್ನು ಇಲ್ಲಿ ಚಾಪೆಯ ಮೇಲೆ ಕುಳಿತು ಕೇಳಬಹುದು. ಹಸಿದರೆ ದಾಸೋಹದ ಪಂಕ್ತಿಯುಂಟು.

ಆದರೆ ಒಂದು ಎಚ್ಚರಿಕೆ. ದಾಸೋಹವು ದೂರದಿಂದ ನಡೆದು ಬಂದ ಹಸಿದವನಿಗಾಗಿ ಏರ್ಪಟ್ಟದ್ದು. ಸಾಮರ್ಥ್ಯವಿದ್ದೂ ಹೋಟೆಲಿನ ಹಣ ಉಳಿಯಿತೆಂದು ಎಣಿಸುತ್ತ ಪಂಕ್ತಿಯಲ್ಲಿ ಕೂರುವವನು, ಎದ್ದ ಮೇಲೆ ಹುಂಡಿಗೆ ತನ್ನ ಪಾಲನ್ನು ಹಾಕದೆ ಬಂದರೆ, ಅದು ಮಿತವ್ಯಯವಲ್ಲ, ಪರಾನ್ನ. ಸಂತೆಯಲ್ಲಿಯೂ ಹೀಗೆಯೇ: ಮುಂಜಾನೆ ಕೊಯ್ದು ತಂದ ದಂಟಿನ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡಿ ಮುದುಕಿಯನ್ನು ಸೋಲಿಸಿದ ಜಾಣನು, ಅದೇ ಸಂಜೆ ಬೇಕರಿಯಲ್ಲಿ ಹೇಳಿದ ಬೆಲೆಯನ್ನು ತುಟಿ ಪಿಟಕ್ಕೆನ್ನದೆ ಕೊಡುತ್ತಾನೆ. ಸಂತೆಯಲ್ಲಿ ನ್ಯಾಯವಾಗಿ ಉಳಿಸುವ ಹಾದಿಗಳು ಬೇರೆಯೇ ಇವೆ. ಹುಣಸೆಯನ್ನು ಚಿಂತಾಮಣಿಯ ಮಂಡಿಗೆ ಹೊಸ ಮಾಲು ಬಂದು ಬೀಳುವ ಶಿವರಾತ್ರಿ–ಯುಗಾದಿಗಳ ನಡುವೆ ವರ್ಷಕ್ಕಾಗುವಷ್ಟು ಕೊಂಡು, ಬೀಜ ನಾರು ತೆಗೆದು, ಉಪ್ಪು ಬೆರಸಿ ಒತ್ತಿ ಭರಣಿಯಲ್ಲಿಡಬೇಕು. ಅವರೆಯನ್ನು ಪುಷ್ಯದ ಚಳಿಯಲ್ಲಿ ಸೊಗಡು ತುಂಬಿರುವಾಗ ತಿನ್ನಬೇಕು, ಮಿಕ್ಕ ತಿಂಗಳಲ್ಲಿ ಅದರ ಆಸೆ ಬಿಡಬೇಕು. ಟೊಮೇಟೊ ಬೆಲೆ ಏರಿದಾಗ ಹುಣಸೆಯನ್ನೂ, ಹುಣಸೆ ಮುಗಿದಾಗ ಮಾವಿನಕಾಯಿಯನ್ನೂ ನೆನೆಯಬೇಕು. ರಾಗಿಯಂತೂ ಒಣಗಿಸಿ ಭದ್ರಪಡಿಸಿದರೆ ಹುಳು ಹತ್ತದೆ ವರ್ಷಗಟ್ಟಲೆ ನಿಲ್ಲುವ ಧಾನ್ಯ. ಹಿಂದಿನವರು ಹಗೇವಿನಲ್ಲಿ ಅದನ್ನು ತುಂಬಿಟ್ಟು ಬರಗಾಲವನ್ನೇ ಎದುರಿಸಿದರು.

ಈ ಸೀಮೆಯ ಅಡುಗೆಮನೆಯ ಬಸ್ಸಾರನ್ನು ಕುರಿತು ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಹುರುಳಿಯನ್ನೋ ಅಲಸಂದೆಯನ್ನೋ ದಂಟು ಸೊಪ್ಪಿನೊಡನೆ ಬೇಯಿಸಿ, ನೀರನ್ನು ಬಸಿದು, ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಅದರಿಂದಲೇ ಒಂದು ಹಿಡಿಯನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಚೂರು ತೆಂಗಿನಕಾಯಿಯೊಡನೆ ನುಣ್ಣಗೆ ಅರೆದು, ಬಸಿದ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಒಂದೇ ಒಲೆ, ಒಂದೇ ಬೇಯಿಸುವಿಕೆ, ಮುದ್ದೆಗೆ ಎರಡು ವ್ಯಂಜನ. ಸತ್ತ್ವವೆಲ್ಲವೂ ನೀರಿನಲ್ಲಿ ಕರಗಿ ಬಚ್ಚಲಿಗೆ ಹೋಗದೆ ಹೊಟ್ಟೆಗೆ ಹೋಗುತ್ತದೆ. ಮಾರನೆಯ ದಿನ ಕಾಯಿಸಿದಾಗ ಅದಕ್ಕೆ ರುಚಿ ಇಮ್ಮಡಿಸುವುದರಿಂದ ತಂಗಳೆಂದು ಚೆಲ್ಲುವ ಪ್ರಸಂಗವೂ ಇಲ್ಲ. ವಿಹಾರಕ್ಕೆ ಹೊರಟಾಗ ಮಾತ್ರ ಸಾರು ಸಲ್ಲದು; ಆಗ ಹುಣಸೆಯ ಗೊಜ್ಜನ್ನ, ಮೊಸರನ್ನ, ರಾಗಿರೊಟ್ಟಿಗೆ ಹುಚ್ಚೆಳ್ಳಿನ ಚಟ್ನಿಪುಡಿ. ದೇವಾಲಯದ ಹೊರಗೋ ಕೆರೆಯ ಏರಿಯ ಅರಳಿಕಟ್ಟೆಯಲ್ಲೋ ಬುತ್ತಿ ಬಿಚ್ಚಿ, ಮುತ್ತುಗದ ಎಲೆಯ ಮೇಲೆ ಬಡಿಸಿಕೊಂಡು ಉಂಡ ಮಕ್ಕಳು, ಹೋಟೆಲಿನಲ್ಲಿ ತಿಂದುದನ್ನು ಮರೆತಾರು, ಇದನ್ನು ಮರೆಯರು.

ಹೀಗೆ ಮಿಕ್ಕ ಕಾಸನ್ನು ಎಲ್ಲಿಡುವುದೆಂಬುದು ಉಳಿದ ಪ್ರಶ್ನೆ. ಚೀಟಿಯ ವ್ಯವಹಾರ ಈ ಪಟ್ಟಣಗಳಲ್ಲಿ ಬಲವಾಗಿ ಬೇರೂರಿದೆ. ನೋಂದಾಯಿತ ಚೀಟಿಗೆ 1982ರ ಶಾಸನದ ರಕ್ಷಣೆಯಾದರೂ ಇದೆ, ನೆರೆಮನೆಯವರ ಬಾಯಿಮಾತಿನ ಚ‍ೀಟಿಗೆ, ಹಬ್ಬದ ಚೀಟಿಗೆ ಅದೂ ಇಲ್ಲ. ಹೆಚ್ಚು ಲಾಭದ ಆಸೆ ತೋರಿಸಿ ರಾತ್ರೋರಾತ್ರಿ ಊರು ಬಿಟ್ಟವರ ಕಥೆಗಳು ಪ್ರತಿ ಬೀದಿಯಲ್ಲಿಯೂ ಒಂದೆರಡಿವೆ. 1882ರಿಂದ ನಡೆದುಬಂದಿರುವ ಅಂಚೆಕಚೇರಿಯ ಉಳಿತಾಯ ಬ್ಯಾಂಕಿಗೆ ಆ ಥಳುಕಿಲ್ಲ. ಅದರ ಆವರ್ತ ಠೇವಣಿಯನ್ನು ತಿಂಗಳಿಗೆ ನೂರು ರೂಪಾಯಿಯಿಂದಲೂ ತೆರೆಯಬಹುದು, ಐದು ವರ್ಷಕ್ಕೆ ಅದು ಬಡ್ಡಿಯೊಡನೆ ಕೈಸೇರುತ್ತದೆ. ದಿನಕ್ಕೆ ಹತ್ತು ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 3,650. ನಂದಿಬೆಟ್ಟಕ್ಕೆ ಕಾರಿನಲ್ಲಿ ಹೆಚ್ಚುಕಡಮೆ ಎರಡು ಸಲ ಹೋಗಿಬರುವ ಹಣ, ಅಥವಾ ಒಂದು ಸಂಸಾರವು ಈ ನಾಲ್ಕೂ ತಾಲ್ಲೂಕುಗಳನ್ನು ರೈಲು ಬಸ್ಸುಗಳಲ್ಲಿ ತಿಂಗಳಿಗೊಮ್ಮೆಯಂತೆ ಸುತ್ತಿ, ಇನ್ನೂ ಒಂದಿಷ್ಟು ಮಿಗಿಸಿಕೊಳ್ಳುವಷ್ಟು ಹಣ.

ಕೊನೆಯಲ್ಲಿ ರೈಲ್ವೆಯವರಿಗೂ ಸಾರಿಗೆ ಸಂಸ್ಥೆಯವರಿಗೂ ಒಂದು ವಿಜ್ಞಾಪನೆ. ಚಿಕ್ಕಬಳ್ಳಾಪುರದಿಂದ ಮುಂದಕ್ಕೆ ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಗೆ ಗಾಡಿಗಳು ಬಹಳ ವಿರಳ. ಇರುವ ಗಾಡಿಗಳಿಗೂ ಊರಿನ ಬಸ್ಸುಗಳಿಗೂ ವೇಳೆಯ ಹೊಂದಾಣಿಕೆಯಿಲ್ಲ. ಭಾನುವಾರ ಬೆಳಗಿನ ಗಾಡಿ ನಂದಿ ಹಾಲ್ಟಿಗೆ ಬರುವ ಹೊತ್ತಿಗೆ ದೇವಾಲಯದ ಮಾರ್ಗವಾಗಿ ಬೆಟ್ಟಕ್ಕೆ ಹೋಗುವ ಒಂದು ಬಸ್ಸನ್ನೂ, ಚಿಂತಾಮಣಿಯ ನಿಲ್ದಾಣದಿಂದ ಕೈವಾರಕ್ಕೆ ಮತ್ತೊಂದನ್ನೂ ನಿಲ್ಲಿಸಿದರೆ, ಹೊಸ ರಸ್ತೆಗೆ ಚೆಲ್ಲುವ ಹಣದ ನೂರರಲ್ಲೊಂದು ಪಾಲೂ ತಗಲದು. ಅಲ್ಲಿಯವರೆಗೆ ಓದುಗರು ಹೊರಡುವ ಮುನ್ನ ಗಾಡಿಯ ವೇಳೆಯನ್ನು ಒಮ್ಮೆ ವಿಚಾರಿಸಿಕೊಳ್ಳಲಿ. ನೀರನ್ನು ಮನೆಯಿಂದಲೇ ತುಂಬಿಕೊಂಡು ಹೋಗಿ, ಖಾಲಿ ಬಾಟಲಿಯನ್ನು ಮನೆಗೇ ಹಿಂದಕ್ಕೆ ತರಲಿ.